ತೆರೆದ ಕಾರಿನ ಒಳದೀಪ: ಮನೆಯಲ್ಲೇ ಮಾಡಬಹುದಾದ ದುರಸ್ತಿ

ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಳ್ಳುವುದೆಂದರೆ ಆನೆ ಸಾಕಿದಂತೆ ಎಂದು ಮನೆಯ ಹಿರಿಯರು ಗೊಣಗುವುದುಂಟು. ಆನೆಗಾದರೂ ತೋಟದಲ್ಲಿ ಒಂದಿಷ್ಟು ಸೊಪ್ಪು ಸಿಕ್ಕೀತು. ತಯಾರಿಸಿದ ಕಂಪೆನಿಯೇ ಬಾಗಿಲು ಹಾಕಿದ ಕಾರಿಗೆ ಬಿಡಿಭಾಗ ಎಲ್ಲಿಂದ ತರುವುದು?

ಇದಕ್ಕೆ ನಮ್ಮ ನಾಡಿನದೇ ಉದಾಹರಣೆ ಸ್ಯಾನ್ ಸ್ಟಾರ್ಮ್. ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಸಂಸ್ಥೆ 1990ರ ದಶಕದ ಕೊನೆಯಲ್ಲಿ ಹೊರತಂದ, ಗೋವೆಯ ಕಾರ್ಖಾನೆಯಲ್ಲಿ ತಯಾರಾದ ಎರಡೇ ಆಸನಗಳ ಕಾರು ಅದು. ಮಡಚಿಡುವ ಬಟ್ಟೆಯ ಮಾಡು, ಫೈಬರ್‌ಗ್ಲಾಸಿನ ಮೈ, ಫ್ರಾನ್ಸಿನ ರೆನೋ ಕಂಪೆನಿಯ 1149 ಸಿ.ಸಿ. ಪೆಟ್ರೋಲ್ ಎಂಜಿನು ಅದರ ವಿಶೇಷಗಳು. ಬಹಳ ಸಂಖ್ಯೆಯಲ್ಲಿ ಮಾರಾಟವಾಗಲಿಲ್ಲ, ಈಗ ತಯಾರಿಯೂ ಇಲ್ಲ. ಉಳಿದಿರುವ ಕಾರುಗಳನ್ನು ಅವುಗಳ ಯಜಮಾನರೇ ಕೈಯಾರೆ ಕಾಪಾಡಿಕೊಳ್ಳಬೇಕಾಗಿದೆ. ಅದರಲ್ಲಿ ಎಲ್ಲಕ್ಕಿಂತ ಸುಲಭವೆಂದು ತೋರುವ, ಆದರೆ ತಪ್ಪಿದರೆ ಕಾರನ್ನೇ ಸುಟ್ಟುಬಿಡಬಲ್ಲ ಕೆಲಸವೆಂದರೆ ಒಳಗಿನ ದೀಪದ್ದು. ಆ ವಿಚಾರವನ್ನು ಇಲ್ಲಿ ನೋಡೋಣ. ಹಳೆಯ ಜೀಪು ಇರುವವರಿಗೂ ಇದರಲ್ಲಿ ಬಹುಪಾಲು ಉಪಯೋಗಕ್ಕೆ ಬಂದೀತು.

ಮರಳಿ ಬರುವ ದಾರಿ

ಸಾಮಾನ್ಯ ಕಾರಿನಲ್ಲಿ ಒಳದೀಪ ಮಾಡಿಗೆ ಅಂಟಿಕೊಂಡಿರುತ್ತದೆ. ತೆರೆದ ಕಾರಿಗೆ ಗಟ್ಟಿಯಾದ ಮಾಡೇ ಇಲ್ಲ. ಆದ್ದರಿಂದ ಡ್ಯಾಶ್‌ಬೋರ್ಡಿನ ಅಡಿಯಲ್ಲಿ, ಕಾಲಿಡುವ ಜಾಗದಲ್ಲಿ, ಬಾಗಿಲಿನ ಕೆಳಬದಿಯಲ್ಲಿ, ಆಸನಗಳ ಹಿಂದೆ ಸಣ್ಣ ದೀಪಗಳನ್ನು ಹಂಚಿ ಹಾಕಬೇಕು. ಚಾಲಕನ ಕಣ್ಣಿಗೆ ನೇರವಾಗಿ ಬೀಳದಂತೆ, ಎದುರಿನ ಗಾಜಿನಲ್ಲಿ ಪ್ರತಿಫಲಿಸದಂತೆ ಅವು ಕೆಳಮುಖವಾಗಿರಬೇಕು.

ವಿದ್ಯುತ್ತು ಬ್ಯಾಟರಿಯಿಂದ ಹೊರಟು, ದೀಪ ಉರಿಸಿ, ಮತ್ತೆ ಬ್ಯಾಟರಿಗೆ ಮರಳಬೇಕು. ಉಕ್ಕಿನ ಮೈಯ ಕಾರಿನಲ್ಲಿ ಹೋಗುವ ದಾರಿಗೆ ಮಾತ್ರ ತಂತಿ. ಮರಳುವ ದಾರಿ ಕಾರಿನ ಮೈಯೇ. ಇದನ್ನೇ ಮೆಕ್ಯಾನಿಕ್ಕುಗಳು ‘ಅರ್ತ್’ ಎನ್ನುವುದು. ಆದರೆ ಫೈಬರ್‌ಗ್ಲಾಸಿನಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಅಲ್ಲಿ ಪ್ರತಿಯೊಂದು ದೀಪಕ್ಕೂ ಎರಡನೆಯ ತಂತಿಯನ್ನು ಎಳೆದು, ಕೆಳಗಿನ ಉಕ್ಕಿನ ಚೌಕಟ್ಟಿಗೋ ಬ್ಯಾಟರಿಯ ಋಣ ತುದಿಗೋ ಜೋಡಿಸಲೇಬೇಕು. ಬಾಗಿಲು ತೆರೆದಾಗ ದೀಪ ಹತ್ತಿಸುವ ಒತ್ತುಗುಂಡಿ ಸ್ವಿಚ್ಚಿನ ಪಾಡೂ ಇದೇ. ಸಾಮಾನ್ಯ ಸ್ವಿಚ್ಚು ತನ್ನ ಲೋಹದ ಮೈಯ ಮೂಲಕವೇ ಅರ್ತ್ ಪಡೆಯುತ್ತದೆ. ಫೈಬರ್‌ಗ್ಲಾಸಿನ ಕಾರಿಗೆ ಎರಡು ತುದಿಗಳಿರುವ ಸ್ವಿಚ್ಚನ್ನೇ ಕೊಳ್ಳಬೇಕು.

ದೋಷ ಹುಡುಕಲು ದೊಡ್ಡ ಯಂತ್ರ ಬೇಡ. ಎರಡು ತಂತಿ ಬೆಸೆದ ಒಂದು 12 ವೋಲ್ಟಿನ ಬಲ್ಬು ಸಾಕು. ಅದರ ಒಂದು ತುದಿಯನ್ನು ಬ್ಯಾಟರಿಯ ಋಣಕ್ಕೆ ಹಿಡಿದು ಇನ್ನೊಂದನ್ನು ಹೋಲ್ಡರಿಗೆ ಬರುವ ತಂತಿಗೆ ಮುಟ್ಟಿಸಿ. ಉರಿದರೆ ಹೋಗುವ ದಾರಿ ಸರಿಯಿದೆ. ಬಳಿಕ ಒಂದು ತುದಿಯನ್ನು ಧನಕ್ಕೆ ಹಿಡಿದು, ಬಾಗಿಲು ತೆರೆದಿಟ್ಟು, ಇನ್ನೊಂದನ್ನು ಹೋಲ್ಡರಿನ ಅರ್ತ್ ತುದಿಗೆ ಮುಟ್ಟಿಸಿ. ಉರಿಯದಿದ್ದರೆ ಮರಳುವ ದಾರಿ ಎಲ್ಲೋ ಕಡಿದಿದೆ. ಹಳೆಯ ಕಾರುಗಳಲ್ಲಿ ಎಷ್ಟೋ ಸಲ ತೊಂದರೆ ಇರುವುದು ಈ ಎರಡನೆಯ ಕಡೆಯಲ್ಲಿ.

ಫ್ಯೂಸಿಗೆ ಬದಲಿ ಇಲ್ಲ

5 ವಾಟಿನ ನಾಲ್ಕು ಹಳೆಯ ಮಾದರಿಯ ಬಲ್ಬುಗಳು ಒಟ್ಟಿಗೆ ಸುಮಾರು 1.7 ಆಂಪಿಯರ್ ಎಳೆಯುತ್ತವೆ. ರಾತ್ರಿ 10 ಗಂಟೆ ಕಾಲ ಆರಿಸಲು ಮರೆತರೆ 35 ಆಂಪಿಯರ್-ಗಂಟೆಯ ಬ್ಯಾಟರಿಯ ಸುಮಾರು ಅರ್ಧ ಖಾಲಿ! ಎಲ್‌.ಇ.ಡಿ. ದೀಪಗಳಾದರೆ ಇದರ ಸಣ್ಣದೊಂದು ಪಾಲು ಸಾಕು, ಬಿಸಿಯೂ ಕಡಿಮೆ. ಆದರೆ ಎಂಜಿನು ಓಡುವಾಗ ವೋಲ್ಟೇಜು 14ಕ್ಕೂ ಮೇಲೇರುವುದರಿಂದ ವಾಹನಕ್ಕೆಂದೇ ಮಾಡಿದ ಎಲ್‌.ಇ.ಡಿ.ಯನ್ನೇ ಆರಿಸಬೇಕು. ಎಲ್‌.ಇ.ಡಿ.ಗೆ ಧನ, ಋಣಗಳ ಭೇದವೂ ಉಂಟು. ತಿರುಗಿಸಿ ಜೋಡಿಸಿದರೆ ಉರಿಯದು. ಹಳೆಯ ಬ್ರಿಟಿಷ್ ಕಾರುಗಳನೇಕದಲ್ಲಿ ಧನ ತುದಿಯನ್ನೇ ಮೈಗೆ ಜೋಡಿಸಿರುತ್ತಿದ್ದರು. ಹೆಸರಾಂತ ಎಂ.ಜಿ.ಬಿ. ತೆರೆದ ಕಾರು ಈ ಕ್ರಮವನ್ನು ಬಿಟ್ಟದ್ದು 1967ರಲ್ಲಿ. ಅಂಥ ಕಾರಿನಲ್ಲಿ ಮೊದಲು ಬ್ಯಾಟರಿ ನೋಡಿ, ಆಮೇಲೆ ತಂತಿ ಮುಟ್ಟಿ.

ಕೆಲಸಕ್ಕೆ ಕೈಹಾಕುವ ಮುನ್ನ ಬ್ಯಾಟರಿಯ ಅರ್ತ್ ತಂತಿಯನ್ನು ಬಿಚ್ಚಿಡಬೇಕು. ಹೊಸ ತಂತಿಗೆ ಅದರದೇ 3 ಆಂಪಿಯರಿನ ಫ್ಯೂಸು ಇರಲಿ, ಅದು ವಿದ್ಯುತ್ ಪಡೆಯುವ ಜಾಗಕ್ಕೆ ಆದಷ್ಟು ಹತ್ತಿರವಿರಲಿ. ತಗಡಿನ ತೂತಿನಲ್ಲಿ ತಂತಿ ಹಾಯುವಲ್ಲಿ ರಬ್ಬರಿನ ಬಳೆ ತೊಡಿಸಬೇಕು. ಇಲ್ಲವಾದರೆ ಅಲುಗಾಟಕ್ಕೆ ಮೇಲುಹೊದಿಕೆ ಸವೆದು ಕಿಡಿ ಹಾರುತ್ತದೆ. ಸುಟ್ಟ ಫ್ಯೂಸಿಗೆ ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದ ಸುತ್ತಿ ಕಳುಹಿಸುವ ಜಾಣತನ ಮಾತ್ರ ಖಂಡಿತ ಬೇಡ. ಮುಂದಿನ ಸಲ ಸುಡುವುದು ಫ್ಯೂಸಲ್ಲ, ತಂತಿ. ಉರಿ ಹತ್ತಿದರೆ ಫೈಬರ್‌ಗ್ಲಾಸಿನ ಮೈಯೂ ಉಳಿಯುವುದಿಲ್ಲ.

ನೀರು, ಉಪ್ಪು, ಬಿಸಿಲು

ದೀಪ ಕೆಡುವುದಕ್ಕೆ ನಮ್ಮ ಕರಾವಳಿಯಲ್ಲಿ ಮುಖ್ಯ ಕಾರಣ ನೀರು. ಮಂಜೇಶ್ವರದಿಂದ ಕಾಸರಗೋಡಿನವರೆಗೆ ಕಡಲ ಬದಿಯ ಉಪ್ಪುಗಾಳಿಗೆ ತಾಮ್ರದ ತುದಿಗಳಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ನಯವಾದ ಉಜ್ಜುಕಾಗದದಿಂದ ತಿಕ್ಕಿ, ಬಿಗಿಯಾಗಿ ಜೋಡಿಸಿ, ಮೇಲೆ ತುಸು ವ್ಯಾಸಲೀನ್ ಸವರಬೇಕು. ಬಾಗಿಲುಗಳ ಅಡಿಯಲ್ಲಿ ನೀರು ಇಳಿಯುವ ಸಣ್ಣ ತೂತುಗಳಿರುತ್ತವೆ. ತರಗೆಲೆ, ಮಣ್ಣು ತುಂಬಿ ಅವು ಕಟ್ಟಿದರೆ ಒಳಗೇ ನೀರು ನಿಂತು ಸ್ವಿಚ್ಚು ಕೆಡುತ್ತದೆ. ಒದ್ದೆ ಮಾಡನ್ನು ಮಡಚಿಟ್ಟರೆ ಆಟಿ ತಿಂಗಳಲ್ಲಿ ಬೂಷ್ಟು ಹಿಡಿಯುವುದು ನಿಶ್ಚಯ. ಬಿಚ್ಚಿ, ಗಾಳಿಗೆ ಒಣಗಿಸಿಯೇ ಮಡಚಬೇಕು.

ರಾಯಚೂರಿನಾಚೆ ತೆಲಂಗಾಣದಲ್ಲಿ ಗದ್ವಾಲ, ಐಜದ ಕಡೆಯೂ ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡದ ಮನೆಗಳಿವೆ. ಕೃಷ್ಣೆ, ತುಂಗಭದ್ರೆಯರ ನಡುವಿನ ಆ ನಡಿಗಡ್ಡ ಸೀಮೆಯಲ್ಲಿ ತೆರೆದ ವಾಹನದ ವೈರಿ ಮಳೆಯಲ್ಲ, ಬಿಸಿಲು ಮತ್ತು ಧೂಳು. ಅಲ್ಲಿ ತಂತಿಯ ಹೊದಿಕೆ ಒಣಗಿ ಬಿರಿಯುತ್ತದೆ, ಹಿಂಬದಿಯ ಪ್ಲಾಸ್ಟಿಕ್ ಕಿಟಕಿ ಮಬ್ಬಾಗಿ ಸೀಳುತ್ತದೆ, ಸ್ವಿಚ್ಚಿನೊಳಗೆ ಧೂಳು ಕೂರುತ್ತದೆ. ಅವರಿಗೆ ನೆರಳಿನ ಶೆಡ್ಡು, ನಮಗೆ ಗಾಳಿಯಾಡುವ ಶೆಡ್ಡು. ಕಾರಿನ ಅರ್ಧ ದುರಸ್ತಿ ಅಲ್ಲಿಗೇ ಮುಗಿಯಿತು.

ಖಾಸಗಿ ಕಾರಿನ ನೋಂದಣಿಯನ್ನು 15 ವರ್ಷ ತುಂಬಿದಾಗ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ತಪಾಸಣೆಯ ದಿನ ದೀಪಗಳೆಲ್ಲ ಸರಿಯಿರಬೇಕಾಗುತ್ತದೆ. ಹಿಂದಿನ ದಿನ ಗ್ಯಾರೇಜಿಗೆ ಓಡುವ ಬದಲು, ಮಳೆಗಾಲಕ್ಕೆ ಮೊದಲು ಒಂದು ಭಾನುವಾರವನ್ನು ಇದಕ್ಕೆಂದು ಮೀಸಲಿಡಿ. ಮನೆಯ ಮಕ್ಕಳನ್ನೂ ಜತೆಗೆ ಕೂರಿಸಿಕೊಳ್ಳಿ. ಹೋಗುವ ತಂತಿ ಯಾವುದು, ಬರುವ ತಂತಿ ಯಾವುದು ಎಂಬುದನ್ನು ಅವರು ನಮ್ಮ ಭಾಷೆಯಲ್ಲೇ ಕಲಿಯಲಿ.