ಚಿತ್ರಕ್ಕೊಂದು ನೆಲೆ: ಗುಡ್ಡಗಾಡಿನಲ್ಲಿ ಕ್ಯಾಮರಾ ಹಿಡಿದು ನಿಲ್ಲುವ ಲೆಕ್ಕ

ಪ್ರವಾಸ ಮುಗಿಸಿ ಬಂದ ವಿದ್ಯಾರ್ಥಿಗಳು ತೋರಿಸುವ ಛಾಯಾಚಿತ್ರಗಳಲ್ಲಿ ಒಂದು ಸಂಗತಿ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಬೆಟ್ಟವೂ ಅದೇ, ಗುಡಿಯೂ ಅದೇ. ಒಬ್ಬರ ಚಿತ್ರದಲ್ಲಿ ಬಂಡೆಯ ಪ್ರತಿಯೊಂದು ಬಿರುಕೂ ಎದ್ದು ಕಾಣುತ್ತದೆ. ಇನ್ನೊಬ್ಬರ ಚಿತ್ರದಲ್ಲಿ ಬೆಟ್ಟವೆಲ್ಲ ಬೂದು ರಟ್ಟಿನಂತೆ ಚಪ್ಪಟೆಯಾಗಿರುತ್ತದೆ. ಮೊದಲನೆಯವರ ಕ್ಯಾಮರಾ ಬೆಲೆಯುಳ್ಳದ್ದೆಂದು ಎರಡನೆಯವರು ಸಮಾಧಾನ ಹೇಳಿಕೊಳ್ಳುವುದುಂಟು. ಬಹುಮಟ್ಟಿಗೆ ಅದು ನಿಜವಲ್ಲ. ವ್ಯತ್ಯಾಸವಿರುವುದು ಅವರು ನಿಂತ ಜಾಗದಲ್ಲಿ ಮತ್ತು ನಿಂತ ಹೊತ್ತಿನಲ್ಲಿ. ಇವೆರಡನ್ನೂ ಊರು ಬಿಡುವ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಿಕೊಳ್ಳಲು ಸಾಧ್ಯ. ಬಸ್ಸಿನ ಖರ್ಚಿಗೆ ಮಾತ್ರ ಹಣವಿದ್ದು, ಒಂದೇ ದಿನದ ಬಿಡುವಿರುವ ವಿದ್ಯಾರ್ಥಿಗೆ ಈ ಲೆಕ್ಕ ಬಹಳ ಉಪಯುಕ್ತ.

ಉದಾಹರಣೆಗೆ ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯನ್ನೂ ಅದರ ಸುತ್ತಿನ ಸೀಮೆಯನ್ನೂ ತೆಗೆದುಕೊಳ್ಳೋಣ. ಊರಿನಲ್ಲಿ ಬಂಡೆ ರಂಗನಾಥನ ಗುಡಿ. ಸಮೀಪದಲ್ಲಿ ತುಂಗಭದ್ರಾ ಜಲಾಶಯದ ಹಿನ್ನೀರು. ತುಸು ದೂರ ಸಾಗಿದರೆ ಹೂವಿನಹಡಗಲಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳ ಗುಡ್ಡಗಳು, ಹಳೆಯ ದೇವಾಲಯಗಳು, ಜಾತ್ರೆಗಳು. ಹಿಮಾಲಯದ ಎತ್ತರ ಇಲ್ಲಿಲ್ಲ. ಆದರೆ ಚಿತ್ರಕ್ಕೆ ಬೇಕಾದುದು ಎತ್ತರವಲ್ಲ, ಉಬ್ಬುತಗ್ಗು. ಅದು ಇಲ್ಲಿ ಧಾರಾಳವಾಗಿದೆ.

ಮೊದಲು ಸೂರ್ಯನ ವಿಚಾರ. ತಂಬ್ರಹಳ್ಳಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯನು ಪೂರ್ವದಲ್ಲಿ ಹುಟ್ಟುತ್ತಾನೆಂದು ಎಲ್ಲರೂ ಹೇಳುತ್ತೇವೆ; ನೆಟ್ಟನೆ ಪೂರ್ವದಲ್ಲಿ ಹುಟ್ಟುವುದು ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ವಿಷುವದ ದಿನಗಳಲ್ಲಿ ಮಾತ್ರ. ಈ ಅಕ್ಷಾಂಶದಲ್ಲಿ ಜೂನ್ ಕೊನೆಯ ವಾರ ಅವನು ಪೂರ್ವಕ್ಕಿಂತ ಸುಮಾರು 24 ಡಿಗ್ರಿ ಉತ್ತರಕ್ಕೆ, ಡಿಸೆಂಬರ್ ಕೊನೆಯ ವಾರ ಅಷ್ಟೇ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ತೋಳನ್ನು ನೀಡಿ ಮುಷ್ಟಿ ಹಿಡಿದರೆ ಅದರ ಅಗಲ ಹೆಚ್ಚುಕಡಿಮೆ 10 ಡಿಗ್ರಿ. ಅಂದರೆ ಆರು ತಿಂಗಳಲ್ಲಿ ಉದಯದ ಜಾಗ ಐದು ಮುಷ್ಟಿಗಳಷ್ಟು ಸರಿಯುತ್ತದೆ. ಎರಡು ಗುಡ್ಡಗಳ ನಡುವಣ ಕಣಿವೆಯಲ್ಲಿ ಸೂರ್ಯೋದಯವನ್ನು ಹಿಡಿಯಬೇಕೆಂದು ಬಯಸುವವರು ದಿಕ್ಸೂಚಿಯಿಂದ ಆ ಕಣಿವೆಯ ದಿಕ್ಕನ್ನು ಅಳೆದು, ಸೂರ್ಯ ಅಲ್ಲಿಗೆ ಬರುವ ತಿಂಗಳನ್ನು ಗೊತ್ತುಮಾಡಿಕೊಳ್ಳಬೇಕು. ಇಲ್ಲವಾದರೆ ನಸುಕಿನಲ್ಲಿ ಗುಡ್ಡ ಹತ್ತಿದ ಶ್ರಮವಷ್ಟೇ ಉಳಿಯುತ್ತದೆ.

ಗಡಿಯಾರವನ್ನೂ ಪೂರ್ತಿ ನಂಬಬಾರದು. ಭಾರತದ ಕಾಲಮಾನವನ್ನು ಎಣಿಸುವುದು 82.5 ಡಿಗ್ರಿ ಪೂರ್ವ ರೇಖಾಂಶದಿಂದ. ನಮ್ಮ ಸೀಮೆ ಅದಕ್ಕೆ ಆರು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿಯ ನಿಜವಾದ ಮಧ್ಯಾಹ್ನ ಸರಾಸರಿ 12 ಗಂಟೆ 25 ನಿಮಿಷಕ್ಕೆ ಆಗುತ್ತದೆ.

ಆ ಮಧ್ಯಾಹ್ನದಲ್ಲಿ ಒಂದು ಸ್ವಾರಸ್ಯವಿದೆ. ಮೇ ತಿಂಗಳ ಮೊದಲ ದಿನಗಳಲ್ಲಿಯೂ ಆಗಸ್ಟ್ 12ರ ಸುಮಾರಿಗೂ ಸೂರ್ಯನು ಇಲ್ಲಿ ನೆತ್ತಿಯ ಮೇಲೆಯೇ ಬರುತ್ತಾನೆ. ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಈ ಎರಡು ದಿನಗಳ ನಡುವೆ ಅವನು ಮಧ್ಯಾಹ್ನದಲ್ಲಿ ನೆತ್ತಿಗೆ ಉತ್ತರದಲ್ಲಿರುತ್ತಾನೆ. ವರ್ಷದ ಉಳಿದ ಎಂಟೂವರೆ ತಿಂಗಳು ದಕ್ಷಿಣದಲ್ಲಿರುತ್ತಾನೆ. ಪೂರ್ವಕ್ಕೆ ಮುಖಮಾಡಿದ ಗುಡಿಯ ದಕ್ಷಿಣ ಗೋಡೆಯ ಶಿಲ್ಪಗಳಿಗೆ ಚಳಿಗಾಲದಲ್ಲಿ ಹೊತ್ತೆಲ್ಲ ಬಿಸಿಲು. ಉತ್ತರ ಗೋಡೆಗೆ ಆ ಕಾಲದಲ್ಲಿ ನೇರ ಬಿಸಿಲೇ ಇಲ್ಲ. ಡಿಸೆಂಬರಿನ ರಜೆಯಲ್ಲಿ ಹೋಗಿ ಉತ್ತರ ಗೋಡೆ ಕಪ್ಪಾಗಿ ಬಂದಿತೆಂದು ಕ್ಯಾಮರಾವನ್ನು ದೂಷಿಸುವುದರಲ್ಲಿ ಅರ್ಥವಿಲ್ಲ.

ಶಿಲ್ಪದ ಉಬ್ಬನ್ನು ತೋರಿಸುವುದು ನೆರಳು. ಸೂರ್ಯನು ದಿಗಂತದಿಂದ 45 ಡಿಗ್ರಿ ಮೇಲಿದ್ದರೆ ನೆರಳು ವಸ್ತುವಿನಷ್ಟೇ ಉದ್ದ. 10 ಡಿಗ್ರಿ ಮೇಲಿದ್ದರೆ ಐದೂವರೆ ಪಟ್ಟಿಗೂ ಮಿಗಿಲು. ಬಂಡೆಗಳ ಮೈ ಬೆಳಿಗ್ಗೆ ಒರಟಾಗಿಯೂ ನಡುಹಗಲಿನಲ್ಲಿ ಬೋಳಾಗಿಯೂ ಕಾಣುವುದು ಇದರಿಂದಲೇ. ಬೆಳಗಿನ ಬಣ್ಣಕ್ಕೆ ಬೇರೆ ಕಾರಣವಿದೆ. ದಿಗಂತದಲ್ಲಿರುವ ಸೂರ್ಯನ ಕಿರಣ ನೆತ್ತಿಯ ಕಿರಣಕ್ಕಿಂತ ಮೂವತ್ತು ಪಟ್ಟಿಗೂ ಹೆಚ್ಚು ಗಾಳಿಯನ್ನು ಹಾದು ಬರುತ್ತದೆ. ದಾರಿಯಲ್ಲಿ ಗಾಳಿಯ ಅಣುಗಳು ನೀಲಿಯನ್ನು ಹೆಚ್ಚಾಗಿ ಚದರಿಸಿಬಿಡುತ್ತವೆ. ನಮ್ಮನ್ನು ತಲಪುವುದು ಹಳದಿ, ಕೆಂಪುಗಳ ಉಳಿಕೆ. ಆದರೆ ಉಷ್ಣವಲಯದಲ್ಲಿ ಸೂರ್ಯನು ಓರೆಯಾಗಿ ಏರದೆ ಬಹುಮಟ್ಟಿಗೆ ನೆಟ್ಟಗೆ ಏರುತ್ತಾನೆ. ಒಂದು ಮುಷ್ಟಿ ಮೇಲೇರಲು ಅವನಿಗೆ ನಲವತ್ತು ನಿಮಿಷ ಸಾಕು. ಯೂರೋಪಿನ ಪುಸ್ತಕಗಳಲ್ಲಿ ವರ್ಣಿಸಿರುವ ದೀರ್ಘವಾದ ಹೊಂಬೆಳಕು ನಮ್ಮಲ್ಲಿ ಸಿಕ್ಕದು. ಆದುದರಿಂದ ನೆಲೆಯನ್ನು ಹಿಂದಿನ ಸಂಜೆಯೇ ನೋಡಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ದೇವಾಲಯಗಳು. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ, ಹಡಗಲಿ ಸೀಮೆಯ ಕುರುವತ್ತಿಯ ಮಲ್ಲಿಕಾರ್ಜುನ, ಇವು ಚಾಲುಕ್ಯರ ಕಾಲದ ಕೆಲಸಗಳು. ಹಂಪಿಯ ಜನಸಂದಣಿ ಇಲ್ಲಿಲ್ಲ. ಕುರುವತ್ತಿಯ ಮದನಿಕೆಯರನ್ನು ನೋಡದೆ ಈ ಭಾಗದ ಪ್ರವಾಸ ಪೂರ್ಣವಾಗದೆಂದು ನನ್ನ ಅಭಿಪ್ರಾಯ. ಇಂಥ ಶಿಲ್ಪಗಳ ಮೇಲೆ ಸೂರಿನ ನೆರಳು ಬಿದ್ದಾಗ ನೇರ ಬಿಸಿಲು ಅವುಗಳನ್ನು ಮುಟ್ಟುವುದಿಲ್ಲ. ಅಂಗಳದ ನೆಲದಿಂದ ಪ್ರತಿಫಲಿಸಿದ ಬೆಳಕೇ ಆಧಾರ. ನೆಲದ ಮೇಲೆ ಬಿಸಿಲು ಬಿದ್ದಿರುವ ಹೊತ್ತಿನಲ್ಲಿ ಒಂದು ಬಿಳಿಯ ಪಂಚೆಯನ್ನು ಹಾಸಿದರೆ ಮುಖಗಳು ತಿಳಿಯಾಗುತ್ತವೆ. ಸಂರಕ್ಷಿತ ಸ್ಮಾರಕಗಳಲ್ಲಿ ಮುಕ್ಕಾಲಿ ನಿಲ್ಲಿಸಲು, ಡ್ರೋನ್ ಹಾರಿಸಲು ಮುಂಚಿತವಾಗಿ ಅನುಮತಿ ಬೇಕೆಂಬುದನ್ನು ಮರೆಯಬಾರದು.

ಬೆಟ್ಟವನ್ನು ಆರಿಸಲು ಭೂಪಟವೇ ಸಾಕು. ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ನಕ್ಷೆಗಳಲ್ಲಿ ಸಮಾನ ಎತ್ತರದ ಸ್ಥಳಗಳನ್ನು ಜೋಡಿಸಿದ ರೇಖೆಗಳಿರುತ್ತವೆ. ರೇಖೆಗಳು ಒತ್ತಾಗಿದ್ದರೆ ಏರು ಕಡಿದು, ವಿರಳವಾಗಿದ್ದರೆ ಸಲೀಸು. ಬಯಲಿನಿಂದ 100 ಮೀಟರ್ ಎತ್ತರದ ಗುಡ್ಡದ ಮೇಲೆ ನಿಂತರೆ, ಅಡ್ಡಿಯಿಲ್ಲದಿದ್ದಲ್ಲಿ, ಸುಮಾರು 36 ಕಿಲೋಮೀಟರ್ ದೂರದ ದಿಗಂತದವರೆಗೆ ನೋಟ ಹರಿಯಬೇಕು. ಬೇಸಿಗೆಯ ಧೂಳು ಈ ಲೆಕ್ಕವನ್ನು ಕೆಡಿಸುತ್ತದೆ. ಮಳೆ ತೊಳೆದ ಗಾಳಿಯೂ ತುಂಬಿದ ಜಲಾಶಯವೂ ಒಟ್ಟಿಗೆ ಸಿಕ್ಕುವುದು ಸಾಮಾನ್ಯವಾಗಿ ಸೆಪ್ಟೆಂಬರ್, ಅಕ್ಟೋಬರುಗಳಲ್ಲಿ. ದಕ್ಷಿಣದ ದಡದಲ್ಲಿ ನಿಂತು ನೀರಿನ ಕಡೆಗೆ ನೋಡುವವರಿಗೆ ಆಗ ಸೂರ್ಯ ಬೆನ್ನ ಹಿಂದಿರುತ್ತಾನೆ.

ಇದೇ ತಾಲ್ಲೂಕಿನ ಅಂಕಸಮುದ್ರದ ಕೆರೆಯನ್ನು 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿಸಲಾಯಿತು. ನೂರು ಹೆಕ್ಟೇರಿಗೂ ಕಡಿಮೆಯಾದ ಈ ನೀರಾವರಿ ಕೆರೆಯ ಜಾಲಿ ಮರಗಳಲ್ಲಿ ಬಣ್ಣದ ಕೊಕ್ಕರೆಗಳೂ ಕರಿತಲೆ ಕೆಂಬರಲುಗಳೂ ಗೂಡು ಕಟ್ಟುತ್ತವೆ. ಇಲ್ಲಿ ನೆಲೆಯನ್ನು ಗೊತ್ತುಮಾಡುವವರು ನಾವಲ್ಲ, ಹಕ್ಕಿಗಳು. ತೀರ ಹತ್ತಿರ ಹೋದರೆ ತಾಯಿ ಹಾರುತ್ತದೆ. ಮರಿಗೆ ಬಿಸಿಲು, ಮೊಟ್ಟೆಗೆ ಕಾಗೆ. ಹಕ್ಕಿ ಕತ್ತೆತ್ತಿ ನಮ್ಮ ಕಡೆ ನೋಡಿತೆಂದರೆ ಅಲ್ಲಿಂದ ಮುಂದೆ ಹೆಜ್ಜೆ ಇಡಬಾರದು.

ಜಾತ್ರೆಗಳ ವಿಷಯವಂತೂ ಊರವರನ್ನು ಕೇಳದೆ ತಿಳಿಯದು. ಮೈಲಾರದಲ್ಲಿ ಭರತ ಹುಣ್ಣಿಮೆಯ ಸಮಯದ ಕಾರಣಿಕದಂದು ಗೊರವಯ್ಯನು ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಆ ನಿಶ್ಶಬ್ದದಲ್ಲಿ ಕ್ಯಾಮರಾ ಸದ್ದುಮಾಡುವುದು ಅವಿವೇಕ. ಕೊಟ್ಟೂರಿನ ತೇರನ್ನು ಎದುರಿನಿಂದ ತೆಗೆಯುವ ಆಸೆ ಹಲವರಿಗಿದೆ. 2017ರಲ್ಲಿ ಆ ತೇರು ಉರುಳಿತ್ತು. ಗಾಲಿಯ ಬಳಿ ನಿಲ್ಲುವುದಕ್ಕಿಂತ, ಮನೆಯವರನ್ನು ಕೇಳಿ ದೂರದ ಮಾಳಿಗೆಯನ್ನೇರುವುದೇ ಜಾಣತನ. ಅಲ್ಲಿಂದ ತೇರಿನೊಡನೆ ಬೀದಿಯೂ ಜನವೂ ಚಿತ್ರದೊಳಕ್ಕೆ ಬರುತ್ತವೆ.

ನೆಲೆಯನ್ನು ಹುಡುಕುವುದರ ಜೊತೆಗೆ ಅದನ್ನು ಬರೆದಿಡುವುದೂ ಮುಖ್ಯ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಸವರಿದ ಕಾಗದದ ದೊಡ್ಡ ನೆಗೆಟಿವ್‌ಗಳ ಮೇಲೆ ಹಂಪಿಯ ಚಿತ್ರಗಳನ್ನು ತೆಗೆದನು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅದೇ ನೆಲೆಗಳನ್ನು ಹುಡುಕಿ, ಅಲ್ಲಿಯೇ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ, ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಹಿಂದೆ ಇಟ್ಟಿಗೆಯ ಶಿಖರವಿದ್ದುದು, ಈಗ ಅದು ಇಲ್ಲದಿರುವುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಇಂಥ ಹಳೆಯ ನೆಲೆಯನ್ನು ಯಾರು ಬೇಕಾದರೂ ಹುಡುಕಬಹುದು. ಚಿತ್ರದಲ್ಲಿ ಹತ್ತಿರದ ಒಂದು ಬಂಡೆಯ ಅಂಚು ದೂರದ ಬೆಟ್ಟದ ಯಾವ ಬಿಂದುವಿಗೆ ಸರಿಯಾಗಿ ಕೂಡುತ್ತದೆಂದು ನೋಡಬೇಕು. ಸ್ಥಳದಲ್ಲಿ ಎಡಕ್ಕೋ ಬಲಕ್ಕೋ ಸರಿದರೆ ಹತ್ತಿರದ್ದು ಬೇಗ, ದೂರದ್ದು ನಿಧಾನವಾಗಿ ಸರಿಯುತ್ತದೆ. ಎರಡೂ ಚಿತ್ರದಲ್ಲಿರುವಂತೆ ಕೂಡುವ ಒಂದು ಗೆರೆ ನೆಲದ ಮೇಲೆ ದೊರೆಯುತ್ತದೆ. ಇನ್ನೊಂದು ಜೋಡಿಯಿಂದ ಎರಡನೆಯ ಗೆರೆ. ಎರಡು ಗೆರೆಗಳು ಸಂಧಿಸುವಲ್ಲಿಯೇ ಆ ಕ್ಯಾಮರಾ ಇದ್ದದ್ದು. ಮಸೂರವನ್ನು ಬದಲಿಸಿದರೆ ಚಿತ್ರ ಹಿಗ್ಗೀತು, ಕುಗ್ಗೀತು. ವಸ್ತುಗಳು ಒಂದರ ಹಿಂದೊಂದು ಕೂಡುವ ರೀತಿ ಬದಲಾಗದು.

ತುಂಗಭದ್ರಾ ಅಣೆಕಟ್ಟಿನಿಂದ ನಾರಾಯಣದೇವರಕೆರೆ ನೀರಿನಲ್ಲಿ ಮುಳುಗಿ, ಜನ ಮರಿಯಮ್ಮನಹಳ್ಳಿಗೆ ಬಂದು ನೆಲಸಿದರು. ಈ ಭಾಗದ ಮನೆಗಳ ಗೋಡೆಯ ಮೇಲೆ ಅಂಥ ಹಳೆಯ ಊರುಗಳ ಚಿತ್ರ ಕಂಡರೆ, ಹಿನ್ನೆಲೆಯ ಗುಡ್ಡದ ಸಾಲನ್ನು ಗಮನಿಸಿ ಪ್ರತಿ ತೆಗೆದುಕೊಳ್ಳಿರಿ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ದಡ ಬಯಲಾದಾಗ, ಅದನ್ನು ಕೈಯಲ್ಲಿ ಹಿಡಿದು ಗುಡ್ಡದ ಸಾಲಿಗೆ ಹೊಂದಿಸುತ್ತ ನಡೆಯಬಹುದು. ಸಿಕ್ಕ ನೆಲೆಯ ದಿಕ್ಕು, ದಿನಾಂಕ, ಗಂಟೆ ಮತ್ತು ಅಂದಿನ ನೀರಿನ ಮಟ್ಟ, ಇಷ್ಟನ್ನು ಹೊಸ ಚಿತ್ರದ ಬೆನ್ನ ಮೇಲೆ ಪೆನ್ಸಿಲಿನಿಂದ ಬರೆದರೆ ಸಾಕು.