ಇಸಬಗೋಲು: ಮೊದಲು ನೀರು ಕುಡಿಸಿ, ಆಮೇಲೆ ನುಂಗಿ

ರಮಝಾನ್ ಬಂತೆಂದರೆ ಚಾಮರಾಜನಗರ, ಗುಂಡ್ಲುಪೇಟೆಯ ಅನೇಕ ಮನೆಗಳ ಅಡುಗೆಕೋಣೆಗೆ ಮೂರು ವಸ್ತುಗಳು ಬರುತ್ತವೆ: ಶರಬತ್ತಿಗೆ ಕಾಮಕಸ್ತೂರಿ ಬೀಜ, ಸಿಹಿತಿಂಡಿಗೆ ಚೈನಾ ಗ್ರಾಸ್, ಮಲಬದ್ಧತೆಗೆ ಇಸಬಗೋಲು. ನೋಡಲು ಬೇರೆಯಾದರೂ ಮೂರರ ಗುಣ ಒಂದೇ. ನೀರನ್ನು ಹಿಡಿದಿಟ್ಟು ಲೋಳೆಯಾಗುತ್ತವೆ. ಯೂನಾನಿಯಲ್ಲಿ ಇದಕ್ಕೆ ಲುಆಬ್ ಎನ್ನುತ್ತಾರೆ, ವಿಜ್ಞಾನದಲ್ಲಿ ಹೈಡ್ರೋಜೆಲ್.

ಇವುಗಳಲ್ಲಿರುವ ಸಕ್ಕರೆಯ ಅಣುಗಳು ಉದ್ದನೆಯ ಸರಪಳಿಗಳಂತಿವೆ. ನೀರು ತಾಗಿದಾಗ ಅವು ಬಿಚ್ಚಿಕೊಂಡು ಬಲೆಯಾಗಿ, ನೀರನ್ನು ಒಳಗೆ ಕಟ್ಟಿಹಾಕುತ್ತವೆ. ಸರಪಳಿಗಳ ನಡುವೆ ಗಂಟುಗಳು ಹೆಚ್ಚಿದಷ್ಟೂ ಜೆಲ್ ಗಟ್ಟಿ. ಚೈನಾ ಗ್ರಾಸ್ ಅನ್ನು ಚೆನ್ನಾಗಿ ಕುದಿಸಿ ಆರಿಸಿದರೆ ಸರಪಳಿಗಳು ಹೆಣೆದುಕೊಂಡು ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿಯಾಗುವುದು ಇದೇ ಕಾರಣಕ್ಕೆ. ಇಸಬಗೋಲಿನಲ್ಲಿ ಹಿಡಿತ ಸಡಿಲ, ಆದ್ದರಿಂದ ಅದು ಜಾರುವ ಲೋಳೆಯಾಗಿಯೇ ಉಳಿಯುತ್ತದೆ. 1960ರ ಸುಮಾರಿಗೆ ಪ್ರಾಗ್‌ನ ರಸಾಯನಶಾಸ್ತ್ರಜ್ಞ ಒಟ್ಟೊ ವಿಚ್ಟರ್ಲೆ ಇಂಥದೇ ಕೃತಕ ಜೆಲ್‌ನಿಂದ ಮೃದುವಾದ ಕಾಂಟ್ಯಾಕ್ಟ್ ಲೆನ್ಸ್ ತಯಾರಿಸಿದರು. ಸುಟ್ಟಗಾಯಗಳನ್ನು ತೇವವಾಗಿಡುವ ಪಟ್ಟಿಗಳಲ್ಲೂ ಈಗ ಹೈಡ್ರೋಜೆಲ್ ಇದೆ.

ಇಸಬಗೋಲಿನ ಲೋಳೆ ಕರುಳಿನಲ್ಲಿ ಬಹುಪಾಲು ಜೀರ್ಣವಾಗದೆ ನೀರನ್ನು ಹಿಡಿದುಕೊಂಡೇ ಸಾಗುತ್ತದೆ. ಮಲ ಮೃದುವಾಗಿ, ಸಲೀಸಾಗಿ ಹೊರಬರುತ್ತದೆ. ಆದರೆ ಒಂದು ಮಾತು ನೆನಪಿಡಿ: ಲೋಟದಲ್ಲಿ ನೀರು ಸಿಗದಿದ್ದರೆ ಅದು ನಿಮ್ಮ ಗಂಟಲಿನಲ್ಲೇ ಉಬ್ಬುತ್ತದೆ. ಒಣಪುಡಿಯನ್ನು ಬಾಯಿಗೆ ಸುರಿದುಕೊಂಡು ಒಂದು ಗುಟುಕು ನೀರು ಕುಡಿಯುವ ಅಭ್ಯಾಸ ಅಪಾಯಕಾರಿ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡು ಉಸಿರುಗಟ್ಟಿಸಬಹುದು, ಕರುಳನ್ನೂ ಕಟ್ಟಬಹುದು. ಹಿರಿಯರಿಗೆ ಈ ಅಪಾಯ ಹೆಚ್ಚು.

ಹೀಗೆ ಮಾಡಿ:

• ಒಂದು ಚಮಚ ಇಸಬಗೋಲನ್ನು ದೊಡ್ಡ ಲೋಟ, ಅಂದರೆ ಸುಮಾರು 250 ಮಿ.ಲೀ. ಶುದ್ಧ ನೀರಿಗೆ ಹಾಕಿ ಕಲಕಿ, ಗಟ್ಟಿಯಾಗುವ ಮುನ್ನ ಕುಡಿಯಿರಿ. ಮೇಲೆ ಇನ್ನೊಂದು ಲೋಟ ನೀರು ಕುಡಿಯಿರಿ.
• ಉಪವಾಸಿಗರು ಇಫ್ತಾರ್ ಆದ ಮೇಲೆ ತೆಗೆದುಕೊಂಡು, ಸಹರಿಯವರೆಗೂ ಆಗಾಗ ನೀರು ಕುಡಿಯುತ್ತಿರಿ. ಸಹರಿಯ ಕೊನೆಯ ನಿಮಿಷದಲ್ಲಿ ಬೇಡ.
• ಕುಡಿದ ಕೂಡಲೇ ಮಲಗಬೇಡಿ.
• ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ಲೋಳೆ ಔಷಧವನ್ನು ಹಿಡಿದಿಟ್ಟುಕೊಳ್ಳಬಹುದು.
• ಸಕ್ಕರೆ ಕಾಯಿಲೆಯವರು ವೈದ್ಯರಿಗೆ ತಿಳಿಸಿ. ಇದು ರಕ್ತದ ಸಕ್ಕರೆಯನ್ನು ತಗ್ಗಿಸಬಹುದು.
• ಕಾಮಕಸ್ತೂರಿ ಬೀಜವನ್ನೂ ಪೂರ್ತಿ ಉಬ್ಬಿದ ಮೇಲೆಯೇ ಶರಬತ್ತಿಗೆ ಹಾಕಿ. ಚಿಕ್ಕ ಮಕ್ಕಳಿಗೆ ಒಣಬೀಜ ಕೊಡಬೇಡಿ.

ನುಂಗಲು ತೊಂದರೆಯಿರುವವರು, ಕರುಳು ಕಿರಿದಾಗಿರುವವರು ಇಸಬಗೋಲು ಬಳಸಬಾರದು. ತೆಗೆದುಕೊಂಡ ಮೇಲೆ ಎದೆನೋವು, ವಾಂತಿ, ಉಸಿರಾಟಕ್ಕೆ ಅಥವಾ ನುಂಗಲು ಕಷ್ಟವಾದರೆ ಮನೆಮದ್ದಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ. ಮಲದಲ್ಲಿ ರಕ್ತ ಕಂಡರೆ, ಹೊಟ್ಟೆ ಉಬ್ಬರಿಸಿ ವಾಯುವೂ ಹೋಗದಿದ್ದರೆ ಅದು ಬರಿಯ ಮಲಬದ್ಧತೆಯಲ್ಲ. ಅಂಥ ಹೊತ್ತಿನಲ್ಲಿ ಇಸಬಗೋಲು ಬೇಡ, ವೈದ್ಯರ ಪರೀಕ್ಷೆ ಬೇಕು.