ಹಳೆಯ ಫೋರ್ಟ್ರಾನನ್ನು ಓದಿಸಿದ ಬಗೆ

ಶಾಸನವೊಂದು ಉಳಿದರೆ ಸಾಲದು. ಅದನ್ನು ಓದಬಲ್ಲವರೂ ಉಳಿಯಬೇಕು. ನಮ್ಮ ನೆರೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕಲ್ಲು ಸುಮಾರು ಕ್ರಿ.ಶ. 450ರ ಕಾಲದ್ದು. ಅದು ಇಂದಿಗೂ ನಮ್ಮೊಡನೆ ಮಾತನಾಡುವುದು ಆ ಲಿಪಿಯನ್ನು ಬಲ್ಲ ವಿದ್ವಾಂಸರಿಂದ. ಗಣಕಯಂತ್ರದ ಪ್ರೋಗ್ರಾಮಿನ ಗತಿಯೂ ಇದೇ. ಪ್ರೋಗ್ರಾಮನ್ನು ಮನುಷ್ಯರು ಓದಬಲ್ಲ ಭಾಷೆಯಲ್ಲಿ ಬರೆಯುತ್ತಾರೆ. ಯಂತ್ರಕ್ಕೆ ತಿಳಿಯುವುದು ಅದರದೇ ಸಂಕೇತಗಳು ಮಾತ್ರ. ಮೊದಲನೆಯದನ್ನು ಎರಡನೆಯದಕ್ಕೆ ಪರಿವರ್ತಿಸುವ ಸಾಧನವೇ ಕಂಪೈಲರ್. ಅದಿಲ್ಲದಿದ್ದರೆ ಪ್ರೋಗ್ರಾಮು ಬರಿಯ ಕಾಗದ.

ದೇವರಮನೆ ಬೆಟ್ಟದ ಕೆಳಗಿನ ನಮ್ಮ ಮನೆಯ ಅಟ್ಟದಲ್ಲಿ ಅಂಥ ಕಾಗದಗಳ ಒಂದು ಕಟ್ಟು ನನಗೆ ದೊರೆಯಿತು. ಚಿಕ್ಕಪ್ಪನವರು 1978ರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದಾಗ, ನಮ್ಮ ತೋಟದ ಹತ್ತು ವರ್ಷಗಳ ಮಳೆಯನ್ನು ತಿಂಗಳುವಾರು ಕೂಡಿಸಲು ಫೋರ್ಟ್ರಾನ್-4 ಭಾಷೆಯಲ್ಲಿ ಬರೆದ ಪ್ರೋಗ್ರಾಮು ಅದು. ತೂತು ಕಾರ್ಡುಗಳು ಮಳೆಗಾಲದ ತೇವಕ್ಕೆ ಉಬ್ಬಿ ಹಾಳಾಗಿದ್ದುವು. ಮಳೆಯ ಮೂಲ ಪುಸ್ತಕ ಗೆದ್ದಲಿನ ಪಾಲಾಗಿತ್ತು. ಇಂಚು, ಸೆಂಟುಗಳಲ್ಲಿ ಬರೆದ ಆ ಅಂಕಿಗಳು ಉಳಿದಿದ್ದುದು ಈ ಹಾಳೆಗಳಲ್ಲಿ ಮಾತ್ರ.

ಫೋರ್ಟ್ರಾನ್ ಭಾಷೆಯನ್ನು ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು 1957ರಲ್ಲಿ ಐ.ಬಿ.ಎಂ. 704 ಯಂತ್ರಕ್ಕಾಗಿ ಹೊರತಂದರು. 1966ರಲ್ಲಿ ಅದಕ್ಕೆ ಅಮೆರಿಕದಲ್ಲಿ ಒಂದು ಪ್ರಮಾಣ ರೂಪ ದೊರೆಯಿತು. ಭಾಷೆ ಈಗಲೂ ಬಳಕೆಯಲ್ಲಿದೆ. ಆದರೆ ಅಂದಿನ ರೂಪ ಇಂದಿನದಲ್ಲ. ಕಾರ್ಡಿನ 80 ಅಂಕಣಗಳಲ್ಲಿ ಮೊದಲ ಐದು ವಾಕ್ಯದ ಸಂಖ್ಯೆಗೆ, ಆರನೆಯದು ಮುಂದುವರಿಕೆಯ ಗುರುತಿಗೆ, 7ರಿಂದ 72ರವರೆಗೆ ವಾಕ್ಯಕ್ಕೆ ಮೀಸಲು. ಒಂದು ಅಂಕಣ ತಪ್ಪಿದರೂ ಅರ್ಥ ಕೆಡಬಹುದು.

ಇಂಥ ಪ್ರೋಗ್ರಾಮನ್ನು ನಡೆಸಲು ಇಂದು ಮೂರು ಮಾರ್ಗಗಳುಂಟು. ಮೊದಲನೆಯದು, ಹಳೆಯ ರೂಪವನ್ನೂ ಒಪ್ಪುವ ಇಂದಿನ ಕಂಪೈಲರ್. ಉಚಿತವಾಗಿ ದೊರೆಯುವ ಜಿ-ಫೋರ್ಟ್ರಾನ್ ಅಂಥದು. ಎರಡನೆಯದು, ಫೋರ್ಟ್ರಾನನ್ನು ಸಿ ಭಾಷೆಗೆ ಅನುವಾದಿಸುವ ಎಫ್-ಟು-ಸಿ. ಮೂರನೆಯದು, ಐ.ಬಿ.ಎಂ. 1130ರಂಥ ಹಳೆಯ ಯಂತ್ರವನ್ನೇ ಇಂದಿನ ಗಣಕದೊಳಗೆ ಅನುಕರಿಸಿ, ಅದರ ಸ್ವಂತ ಕಂಪೈಲರನ್ನು ಓಡಿಸುವುದು.

ನಾನು ಮೊದಲು ಹಿಡಿದುದು ಸುಲಭವಾದ ಮೊದಲನೆಯ ಮಾರ್ಗವನ್ನು. ಜಿ-ಫೋರ್ಟ್ರಾನ್ ಯಾವ ದೋಷವನ್ನೂ ಹೇಳದೆ ಪ್ರೋಗ್ರಾಮನ್ನು ಒಪ್ಪಿಕೊಂಡಿತು, ಉತ್ತರವನ್ನೂ ಕೊಟ್ಟಿತು. ಆದರೆ ಮೊದಲನೆಯ ವರ್ಷದಲ್ಲೇ ಮಾರ್ಚಿ ತಿಂಗಳ ಹೂಮಳೆ ಮೇ ತಿಂಗಳಲ್ಲಿ ಬಿದ್ದಿತ್ತು! ಕಾಫಿಯ ನಾಡಿನಲ್ಲಿ ಇದನ್ನು ಮಕ್ಕಳೂ ನಂಬರು.

ಚಿಕ್ಕಪ್ಪನವರನ್ನು ಕೇಳಿದಾಗ, "ಮಳೆ ಬಾರದ ತಿಂಗಳಿಗೂ ಒಂದು ಖಾಲಿ ಕಾರ್ಡು ಕೊಡಲೇಬೇಕಿತ್ತು, ಮಗಾ" ಎಂದರು. ರಹಸ್ಯ ಅದರಲ್ಲೇ ಇತ್ತು. ಪ್ರೋಗ್ರಾಮು ಪ್ರತಿ ತಿಂಗಳಿಗೂ ಮೊದಲು ಮಳೆ ಬಂದ ದಿನಗಳ ಸಂಖ್ಯೆಯನ್ನು ಓದಿ, ಬಳಿಕ ಅಷ್ಟು ಕಾರ್ಡುಗಳನ್ನು ಓದುತ್ತದೆ. ಅಂದಿನ ಬಹುತೇಕ ಕಂಪೈಲರುಗಳಲ್ಲಿ ಇಂಥ ಆವರ್ತನೆ, ಸಂಖ್ಯೆ ಸೊನ್ನೆಯಾದರೂ, ಒಂದು ಸಲ ನಡೆದೇ ತೀರುತ್ತಿತ್ತು. ಫೋರ್ಟ್ರಾನ್-77 ಪ್ರಮಾಣ ರೂಪದಿಂದೀಚೆಗೆ ಸೊನ್ನೆಯೆಂದರೆ ಸೊನ್ನೆಯೇ. ಹೀಗಾಗಿ ಜನವರಿಯ ಖಾಲಿ ಕಾರ್ಡನ್ನು ಹೊಸ ಕಂಪೈಲರ್ ಫೆಬ್ರವರಿಯ ಸಂಖ್ಯೆಯೆಂದು ಓದಿತು. ಫೆಬ್ರವರಿಗೂ ಒಂದು ಖಾಲಿ ಕಾರ್ಡಿದ್ದುದರಿಂದ ಮಾರ್ಚಿ ಎರಡು ತಿಂಗಳು ಹಿಂದೆ ಬಿತ್ತು.

ಎಫ್-ಟು-ಸಿಯಲ್ಲಿ ಹಳೆಯ ಈ ಪದ್ಧತಿಯನ್ನು ಉಳಿಸಿಕೊಳ್ಳಲು 'ಒನ್‌ಟ್ರಿಪ್' ಎಂಬ ಆಜ್ಞೆಯುಂಟು. ಅದನ್ನು ಕೊಟ್ಟು ನಡೆಸಿ, ಒಂದು ವರ್ಷದ ಮಳೆಯನ್ನು ಕೈಯಿಂದಲೇ ಕೂಡಿ ತಾಳೆ ನೋಡಿದೆ. ಹನ್ನೆರಡು ತಿಂಗಳೂ ಸರಿಹೋದುವು. ಹತ್ತು ವರ್ಷಗಳ ಲೆಕ್ಕ ನಮ್ಮ ಮನೆಗೆ ಮರಳಿ ಬಂದಿತು.

ಇದರಿಂದ ತಿಳಿಯಬೇಕಾದುದಿಷ್ಟು. ದೋಷ ಹೇಳದ ಕಂಪೈಲರೆಲ್ಲ ಕೆಲಸಕ್ಕೆ ಬರುವ ಕಂಪೈಲರಲ್ಲ; ಬರೆದವನ ಅಭಿಪ್ರಾಯದಂತೆ ಓದುವುದೇ ನಿಜವಾದ ಕಂಪೈಲರ್. ಆದ್ದರಿಂದ ಪ್ರೋಗ್ರಾಮನ್ನು ಕಾದಿಡುವವರು ಭಾಷೆಯ ರೂಪ, ಬಳಸಿದ ಯಂತ್ರ, ಒಂದು ಮಾದರಿ ಲೆಕ್ಕ ಮತ್ತು ಅದರ ಸರಿಯುತ್ತರ, ಇವಿಷ್ಟನ್ನೂ ಜೊತೆಯಲ್ಲಿಡಬೇಕು. ಬರೆದವರು ನಮ್ಮೊಡನೆ ಇರುವಾಗಲೇ ಅವರನ್ನು ಕೇಳಿ ಬರೆದಿಟ್ಟುಕೊಂಡರೆ ಇನ್ನೂ ಲೇಸು. ವಿದ್ಯಾರ್ಥಿ ಮಿತ್ರರು ತಮ್ಮ ತಮ್ಮ ಮನೆಯ ಅಟ್ಟಗಳನ್ನು ಒಮ್ಮೆ ಹುಡುಕಿ ನೋಡಲಿ.